ಬಾಗಿಲ ಮುಂದೆ ಎರಡು ಜೊತೆ ಚಪ್ಪಲಿ

ಬಸ್ಸು ಕಟ್ಟುವವರಿಗೆ ಇರುವ ಬುದ್ಧಿ ಆಸ್ಪತ್ರೆ ಕಟ್ಟುವವರಿಗೆ ಯಾಕಿರುವುದಿಲ್ಲ ಎಂದು ನಾನು ಕೇಳಿದರೆ ನನ್ನ ಮಗಳು, "ಶುರುವಾಯ್ತು ಅಪ್ಪಂದು" ಎನ್ನುತ್ತಾಳೆ. ಆದರೂ ಕೇಳುತ್ತೇನೆ. ನಾನು ನರಸೀಪುರ–ನಂಜನಗೂಡು ರಸ್ತೆಯಲ್ಲಿ ಸರ್ಕಾರಿ ಬಸ್ಸು ಓಡಿಸಿ ರಿಟೈರಾದವನು. ಡ್ರೈವರ್ ಸೀಟಿನಲ್ಲಿ ಕೂತರೆ ತಲೆಯ ಮೇಲಿನ ಕನ್ನಡಿಯಲ್ಲಿ ಕೊನೆಯ ಸೀಟಿನವರೆಗೂ ಕಾಣುತ್ತದೆ. ಯಾವ ಅಜ್ಜಿ ಬುಟ್ಟಿ ಹಿಡಿದುಕೊಂಡು ಮುಂಚೆಯೇ ಎದ್ದು ನಿಂತಳು, ಯಾವ ಮಗು ಕಿಟಕಿಯಾಚೆ ಕೈ ಹಾಕಿತು, ಯಾರ ಮುಖ ವಾಂತಿ ಬರುವ ಹಾಗೆ ಸಣ್ಣದಾಗಿದೆ, ಎಲ್ಲ ಕತ್ತು ತಿರುಗಿಸದೆ ಗೊತ್ತಾಗುತ್ತದೆ. ಬಾಗಿಲು ಹಗ್ಗದಲ್ಲಿ ಕಟ್ಟಿಕೊಂಡು ಓಡಿಸಿದ ಲಟಾರಿ ಬಸ್ಸಿನಲ್ಲೂ ಆ ಕನ್ನಡಿ ಇತ್ತು. ನಂಜನಗೂಡಿನ ಆ ಹೊಸ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ, ಗ್ರಾನೈಟು, ಲಿಫ್ಟು, ಗಾಜು ಎಲ್ಲ ಇದ್ದ ಕಡೆ, ಸಿಸ್ಟರು ಕೂರುವ ಜಾಗದಿಂದ ಒಬ್ಬ ರೋಗಿಯೂ ಕಾಣುತ್ತಿರಲಿಲ್ಲ.

ನನ್ನ ಹೆಂಡತಿ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ತೊಡೆಮೂಳೆ ಮುರಿದುಕೊಂಡದ್ದು ಹೋದ ವರ್ಷ. ಗಂಜಲದ ಮೇಲೆ ಕಾಲಿಟ್ಟಳು, ಅಷ್ಟೆ. ನಮ್ಮದು ನರಸೀಪುರದ ಪಕ್ಕದ ಹಳ್ಳಿ. ಮೂಳೆ ಡಾಕ್ಟರು ಚೆನ್ನಾಗಿದ್ದಾರೆ ಎಂದು ಯಾರೋ ಹೇಳಿದ್ದಕ್ಕೆ ನಂಜನಗೂಡಿಗೆ ಕರೆದುಕೊಂಡು ಹೋದೆವು. ಹೇಳಿದವರ ಮಾತು ಸುಳ್ಳಾಗಲಿಲ್ಲ, ಡಾಕ್ಟರು ಒಳ್ಳೆಯವರೇ. ಆಪರೇಷನ್ ಮುಗಿಸಿ, ಒಳಗೆ ರಾಡು ಕೂರಿಸಿ, ನನ್ನನ್ನು ಹೊರಗೆ ಕರೆದು ಒಂದೇ ಮಾತು ಹೇಳಿದರು: "ನಾವು ಹೇಳೋ ತನಕ ಅವರು ಒಬ್ಬರೇ ಮಂಚದಿಂದ ಇಳೀಬಾರದು. ಇನ್ನೊಂದು ಸಲ ಬಿದ್ದರೆ ಮತ್ತೆ ನಡೆಯೋದು ಕಷ್ಟ." ದಿನಕ್ಕೆ ಎರಡು ಹೊತ್ತು ಹಾಲಿನ ಕ್ಯಾನು ಹಿಡಿದು ಡೈರಿಗೆ ನಡೆಯುವ ಹೆಂಗಸು ಅವಳು. ಕೂತಲ್ಲಿ ಕೂರಿಸಿದರೆ ಆ ಜೀವ ಎಷ್ಟು ದಿನ ತಡೆದೀತು ಎಂದು ನನಗೆ ಭಯ ಹತ್ತಿತು. ಅವಳು ಒಬ್ಬಳೇ ಕೆಳಗಿಳಿಯಬಾರದು, ಆವತ್ತಿನಿಂದ ನನ್ನ ತಲೆಯೊಳಗೆ ಇದ್ದದ್ದು ಅದೊಂದೇ.

ಮೈಸೂರಿನಲ್ಲಿ ಕೆಲಸಕ್ಕೆ ಹೋಗುವ ಮಗಳು ಸ್ಪೆಷಲ್ ರೂಮೇ ಆಗಬೇಕು ಎಂದು ಹಟ ಹಿಡಿದಳು. ನಾನು ಬೇಡವೆನ್ನಲಿಲ್ಲ. ರೂಮೇನೋ ಮದುವೆ ಛತ್ರದ ಗಂಡಿನ ಕೋಣೆಗಿಂತ ಚೆನ್ನಾಗಿತ್ತು. ಟೀವಿ, ಸೋಫಾ, ಒಳಗೇ ಬಚ್ಚಲು, ಗೋಡೆಗೆ ಒಂದು ಜಲಪಾತದ ಚಿತ್ರ. ನನ್ನ ಹೆಂಡತಿ ಮೊದಲ ದಿನ ಆ ನೋವಿನಲ್ಲೂ ಸೀರಿಯಲ್ಲು ನೋಡಿದಳು. ಬಾಗಿಲಿಗೆ ಮಾತ್ರ ಒಂದು ರೋಗವಿತ್ತು. ಎಷ್ಟು ತೆಗೆದಿಟ್ಟರೂ ತಾನಾಗಿಯೇ ಬಂದು ಮುಚ್ಚಿಕೊಳ್ಳುತ್ತಿತ್ತು. ನಾನು ನೀರಿನ ಕ್ಯಾನು ಅಡ್ಡ ಇಟ್ಟರೆ ಕಸ ಗುಡಿಸುವ ಹೆಂಗಸು ಬಂದು ಸರಿಸಿ, "ಬಾಗ್ಲು ತೆಗೆದಿಡಂಗಿಲ್ಲ ಸಾ, ರೂಲ್ಸು" ಎನ್ನುತ್ತಿದ್ದಳು. ಒಳಗೆ ಇಣುಕಲಿ ಎಂದು ಬಾಗಿಲಲ್ಲಿ ಅಂಗೈಯಗಲದ ಗಾಜು ಬಿಟ್ಟಿದ್ದರು. ಅದರ ಮೇಲೆ ಆಸ್ಪತ್ರೆಯವರೇ ತಮ್ಮ ಜಾಹೀರಾತು ಅಂಟಿಸಿದ್ದರು. ಕೈಮುಗಿದು ನಗುತ್ತಿರುವ ಸಿಸ್ಟರೊಬ್ಬಳ ಫೋಟೋ. ಸಿಸ್ಟರು ಬರದಿದ್ದರೂ ಫೋಟೋ ಇರುತ್ತದಲ್ಲ ಎಂದುಕೊಂಡಿರಬೇಕು.

ಆ ಮಹಡಿಯ ನಕ್ಷೆ ಯಾರು ಹಾಕಿದರೋ, ಅವರನ್ನು ಒಂದು ಸಲ ನೋಡಬೇಕೆಂಬ ಆಸೆ ನನಗೆ ಇನ್ನೂ ಹೋಗಿಲ್ಲ. ಲಿಫ್ಟಿನಿಂದ ಹೊರಗೆ ಬಂದ ತಕ್ಷಣ ಸಿಸ್ಟರ ಕೌಂಟರು. ಅದು ರೋಗಿಗಳ ಕಡೆಗಲ್ಲ, ಲಿಫ್ಟಿನ ಕಡೆಗೆ ಮುಖ ಮಾಡಿತ್ತು. ಬರುವ ನೆಂಟರಿಗೆ ಅಂದವಾಗಿ ಕಾಣಲಿ ಎಂದಿರಬೇಕು. ಕಲ್ಲಿನ ಹಲಗೆ ಎಷ್ಟು ಎತ್ತರವೆಂದರೆ ಕೂತ ಸಿಸ್ಟರ ತುರುಬಷ್ಟೇ ಆಚೆಗೆ ಕಾಣುವುದು. ಅಲ್ಲಿಂದ ಉದ್ದಕ್ಕೆ ಒಂದು ಕಾರಿಡಾರು, ಎರಡು ಕಡೆಯೂ ಮುಚ್ಚಿದ ಬಾಗಿಲುಗಳು. ಕೊನೆಗೆ ಹೋಗಿ ಬಲಕ್ಕೆ ತಿರುಗಿದರೆ ನಮ್ಮ ರೂಮು. ಇಂಜೆಕ್ಷನ್ ಇಡುವ ಕೋಣೆ ಕಾರಿಡಾರಿನ ಈ ತುದಿಯಲ್ಲಿ, ಬಟ್ಟೆ ಇಡುವ ಕೋಣೆ ಆ ತುದಿಯಲ್ಲಿ. ಬದನವಾಳು ಕಡೆಯ ಹುಡುಗಿಯೊಬ್ಬಳು ಹಗಲು ಡ್ಯೂಟಿಗೆ ಬರುತ್ತಿದ್ದಳು. ಅವಳು ಬೆಳಿಗ್ಗೆಯಿಂದ ಈ ತುದಿಯಿಂದ ಆ ತುದಿಗೆ ನಡೆಯುವುದನ್ನು ನೋಡಿದರೆ ನನಗೇ ಕಾಲು ನೋಯುತ್ತಿತ್ತು. ಅಷ್ಟು ನಡೆದರೂ ಅವಳು ನಮ್ಮ ತಿರುವು ದಾಟಿ ಬರುವುದು ಇಂಜೆಕ್ಷನ್ನಿಗೋ ಬಿಪಿ ನೋಡುವುದಕ್ಕೋ ಮಾತ್ರ. ಕೌಂಟರಿನ ಪಕ್ಕದ ರೂಮಿಗೆ ಮಾತ್ರ ಆಗಾಗ ತಲೆ ಹಾಕಿ "ಊಟ ಆಯ್ತಾ ಅಜ್ಜಿ" ಎನ್ನುತ್ತಿದ್ದಳು. ಆ ಅಜ್ಜಿ ಮೇಲೆ ನನಗೆ ಹೊಟ್ಟೆಕಿಚ್ಚು.

ನರಸೀಪುರದ ಆಸ್ಪತ್ರೆಯ ಹಳೆಯ ವಾರ್ಡು ಹೀಗಿರಲಿಲ್ಲ. ಮಗಳು ಹುಟ್ಟಿದಾಗ ಇದೇ ಹೆಂಡತಿ ಅಲ್ಲಿ ಮಲಗಿದ್ದಳು. ಒಂದು ಉದ್ದನೆಯ ಹಾಲು, ಎರಡು ಸಾಲು ಮಂಚ, ನಡುವೆ ಸಿಸ್ಟರ ಮರದ ಟೇಬಲ್ಲು. ಅಲ್ಲಿ ಸುಖವೇನೂ ಇರಲಿಲ್ಲ. ಫಿನಾಯಿಲ್ ವಾಸನೆ, ಮಕ್ಕಳ ಅಳು, ಯಾರ ಮನೆಯ ಸಾರು ಏನು ಎಂದು ಎಲ್ಲರಿಗೂ ಗೊತ್ತು. ಆಗಿನ ದೊಡ್ಡ ಸಿಸ್ಟರಿಗೆ ಬಾಯಿ ಬಹಳ. ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದ ನನ್ನನ್ನು ವಾರ್ಡಿನ ಆ ಕೊನೆಯಿಂದಲೇ ಬೈದಿದ್ದರು. ಆದರೆ ಆಕೆ ಒಬ್ಬರ ಹಾಸಿಗೆಗೆ ನಡೆದು ಹೋದರೆ ದಾರಿಯಲ್ಲಿ ಸಾಲಿನವರೆಲ್ಲ ಕಣ್ಣಿಗೆ ಬೀಳುತ್ತಿದ್ದರು. ಒಬ್ಬಳ ಗ್ಲೂಕೋಸು ಬದಲಿಸಲು ಹೊರಟವರು ನಡುವೆ ನಿಂತು ಇನ್ನೊಬ್ಬಳ ದಿಂಬು ಸರಿ ಮಾಡಿ, ಮತ್ತೊಬ್ಬಳಿಗೆ "ಮಗೂನ ಆ ಪಕ್ಕಕ್ಕೆ ಹಾಕ್ಕೊ" ಎಂದು ಗದರಿ ಮುಂದೆ ಹೋಗುತ್ತಿದ್ದರು. ಒಂದು ಹಾಸಿಗೆಗೆ ಬಂದರೆ ಹತ್ತು ಹಾಸಿಗೆಗೂ ಬಂದ ಹಾಗೆ. ಈ ಹೊಸ ಕಡೆ ಸಿಸ್ಟರು ಒಂದು ರೂಮಿಗೆ ಹೋದರೆ ಆ ಒಂದು ರೂಮಿಗೇ ಹೋದ ಹಾಗೆ. ಬಾಗಿಲು ಹಿಂದೆ ಮುಚ್ಚಿಕೊಳ್ಳುತ್ತದೆ, ಮುಗಿಯಿತು.

ಇನ್ನೊಂದು ವಿಷಯ. ನನ್ನ ಹೆಂಡತಿ ಬಾಯಿಬಿಟ್ಟು ಯಾರನ್ನೂ ಕೆಲಸಕ್ಕೆ ಕರೆಯುವವಳಲ್ಲ. ನೀರು ಬೇಕಾದರೂ ಸುಮ್ಮನೆ ನೋಡುತ್ತಾಳೆ, ನಾವು ತಿಳಿದುಕೊಂಡು ಕೊಡಬೇಕು. ನರಸೀಪುರದಲ್ಲಿ ಅದಕ್ಕೆ ತೊಂದರೆ ಬರಲಿಲ್ಲ. ತಲೆ ಎತ್ತಿ ಟೇಬಲ್ಲಿನ ಕಡೆ ನೋಡುವಳು, ದೊಡ್ಡ ಸಿಸ್ಟರು, "ಏನಮ್ಮ, ಬಂದೆ ಇರು" ಎನ್ನುವರು. ಈ ರೂಮಿನಲ್ಲಿ ಅವಳು ಯಾರನ್ನು ನೋಡಬೇಕು? ಜಲಪಾತವನ್ನೇ?

ಬೆಲ್ಲಿತ್ತು. ಮಂಚದ ತಲೆಯ ಹತ್ತಿರ ವೈರಿನ ತುದಿಯಲ್ಲಿ ಕೆಂಪು ಗುಂಡಿ. ಮಗಳು ಅದನ್ನು ಕೈಗೆ ಕೊಟ್ಟು, ಒತ್ತಿಸಿ, ಸಿಸ್ಟರು ಓಡಿ ಬಂದದ್ದನ್ನು ತೋರಿಸಿದ್ದಳು. ನನ್ನ ಹೆಂಡತಿಗೆ ನಾಚಿಕೆಯಾಗಿ ಆ ಹುಡುಗಿಗೆ, "ಏನಿಲ್ಲ ಕಣವ್ವ, ಓಗು, ಇವ್ಳು ಸುಮ್ನೆ ಒತ್ತಿದ್ಳು" ಎಂದಿದ್ದಳು. ಆಮೇಲೆ ಅದನ್ನು ಮುಟ್ಟಿದ್ದು ನಾನು ಕಾಣೆ. ನಾನು ರೇಗಿ, "ಅದೇನು ಕಚ್ಚತದಾ?" ಎಂದು ಕೇಳಿದ್ದಕ್ಕೆ ಹೇಳಿದಳು: "ನೀವೇ ಏಳ್ತಿರ್ಲಿಲ್ವಾ, ಬೆಲ್ ಒಡೆಯಾದು ಕಂಡಕ್ಟರ್ ಕೆಲ್ಸ, ಪ್ಯಾಸೆಂಜರು ಮುಟ್ಬಾರ್ದು ಅಂತ?" ಇಷ್ಟು ವರ್ಷ ನಾನು ಹೇಳಿದ ಒಂದು ಮಾತನ್ನೂ ಕೇಳದವಳು ಇದೊಂದನ್ನು ಜ್ಞಾಪಕ ಇಟ್ಟುಕೊಂಡಿದ್ದಳು.

ಅದಕ್ಕೇ ಅವಳ ಜೊತೆ ಯಾವಾಗಲೂ ಒಬ್ಬರಿರಬೇಕೆಂದು ತೀರ್ಮಾನವಾಯಿತು. ಕವಲಂದೆಯಿಂದ ನಾದಿನಿ, ಅಂದರೆ ಹೆಂಡತಿಯ ತಂಗಿ, ಬಂದಳು. ನಾನು ಊರಿಗೆ ಹೋಗಿ ಹಸುಗಳನ್ನು ನೋಡಿಕೊಂಡು ಬರುವ ತನಕ ಅವಳು ಇರುವುದು, ನಾನು ಬಂದ ಮೇಲೆ ಅವಳು ಸ್ನಾನಕ್ಕೋ ತಿಂಡಿಗೋ ಹೋಗುವುದು. ಆ ಆಸ್ಪತ್ರೆಗೆ ಬರುವವರೆಲ್ಲ ನಮ್ಮ ಹಾಗೆ ಹಳ್ಳಿಯ ಕಡೆಯವರೇ. ರೋಗಿ ಮಲಗಿದ ಕಡೆ, ಊಟ ಮಾಡುವ ಕಡೆ, ಚಪ್ಪಲಿ ಮೆಟ್ಟಿಕೊಂಡು ಹೋಗುವುದಕ್ಕೆ ನಮಗೆ ಮನಸ್ಸು ಬರುವುದಿಲ್ಲ. ಆದ್ದರಿಂದ ಆ ಹೊಳೆಯುವ ಕಾರಿಡಾರಿನಲ್ಲಿ ಎಲ್ಲ ಬಾಗಿಲ ಮುಂದೆಯೂ ಚಪ್ಪಲಿಗಳು. ನಾನೂ ಒಂದು ದಿನ ಊರಿಂದ ಹೆಂಡತಿಯ ಚಪ್ಪಲಿ ತಂದು ಬಾಗಿಲಾಚೆ ಪಕ್ಕದಲ್ಲಿ ಇಟ್ಟೆ. ನಡೆಸುವ ದಿನ ಹುಡುಕಾಡುವುದು ಬೇಡ ಎಂದು. ಅದನ್ನು ನೋಡಿದರೆ ಅವಳು ನಡೆಯುತ್ತಾಳೆ ಎಂಬ ಧೈರ್ಯ ಬರುತ್ತಿತ್ತು ಎನ್ನುವುದೂ ನಿಜ.

ಆವತ್ತು ಸೋಮವಾರ. ಬೆಳಗಿನ ರೌಂಡ್ಸಿನಲ್ಲಿ ಡಾಕ್ಟರು ಮೂತ್ರದ ಪೈಪು ತೆಗೆಸಿದರಂತೆ. ಇನ್ನು ಮೇಲೆ ಬೆಡ್‌ಪ್ಯಾನು ಕೊಡಬೇಕು, ಇಳಿಸಬೇಡಿ ಎಂದು ಮತ್ತೆ ಹೇಳಿ ಹೋದರಂತೆ. ನಾನು ಊರಲ್ಲಿದ್ದೆ. ಹಾಲು ಹಾಕಿ, ಹಸುಗಳಿಗೆ ಹುಲ್ಲು ಎಳೆದು, ಸಿಕ್ಕಿದ ಬಸ್ಸು ಹತ್ತಿ ಬಂದೆ. ಓಡಿಸುತ್ತಿದ್ದ ಹುಡುಗ ರಸ್ತೆಯ ಪ್ರತಿ ಉಬ್ಬಿಗೂ ಎತ್ತಿ ಹಾಕುತ್ತಿದ್ದ, ಅವನಿಗೆ ಬುದ್ಧಿ ಹೇಳಿಕೊಂಡೇ ಬಂದೆ. ಲಿಫ್ಟಿನಿಂದ ಇಳಿದು, ಸಿಸ್ಟರ ತುರುಬಿಗೆ ನಮಸ್ಕಾರ ಹೇಳಿ, ತಿರುವಿಗೆ ಬಂದೆ. ಬಾಗಿಲ ಮುಂದೆ ನಾದಿನಿಯ ಚಪ್ಪಲಿ ಇತ್ತು. ಒಳಗೆ ಅಕ್ಕ ತಂಗಿ ಮಾತಾಡುತ್ತಾ ಕೂತಿರುತ್ತಾರೆ ಎಂದುಕೊಂಡು ನನ್ನದನ್ನೂ ಬಿಟ್ಟು ಬಾಗಿಲು ತಳ್ಳಿದೆ.

ನಾದಿನಿ ಇರಲಿಲ್ಲ. ನನ್ನ ಹೆಂಡತಿ ಮಂಚದ ಅಂಚಿಗೆ ಬಂದು, ಆಪರೇಷನ್ ಆದ ಕಾಲನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಪಾದ ನೆಲಕ್ಕೆ ಇನ್ನೊಂದು ಗೇಣು. ಗ್ಲೂಕೋಸಿನ ಕಂಬವನ್ನು ಹತ್ತಿರಕ್ಕೆ ಎಳೆದುಕೊಂಡಿದ್ದಳು, ಊರಿಕೊಂಡು ಎದ್ದೇಳಲು. ಕೆಳಗೆ ಚಕ್ರ ಇರುವ ಕಂಬ ಅದು. ಊರಿದ್ದರೆ ಅದು ಆಕಡೆ, ಇವಳು ಈಕಡೆ. ಹಾಸಿಗೆ ಪೂರ್ತಿ ಒದ್ದೆಯಾಗಿತ್ತು, ಸೀರೆಯೂ. ನನ್ನನ್ನು ನೋಡಿ ಅವಳು ಅಳಲಿಲ್ಲ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಅಷ್ಟು ವರ್ಷದ ಸಂಸಾರದಲ್ಲಿ ಅವಳು ನನ್ನೆದುರು ನಾಚಿಕೆಯಿಂದ ಮುಖ ತಿರುಗಿಸಿದ್ದು ಅದೇ ಮೊದಲು.

"ಯಾಕಮ್ಮಿ, ಬೆಲ್ ಒಡೀಬಾರ್ದಾಗಿತ್ತಾ?"

"ಉಚ್ಚೆಗೆಲ್ಲ ಬೆಲ್ ಒಡೀತಾರಾ?" ಎಂದಳು ಗೋಡೆಗೆ. "ಸಿಸ್ಟರಮ್ಮನ ಸದ್ದು ಕೇಳ್ತು. ಬಾಗ್ಲತಂಕ ಬಂದ್ಲು. ಒಳೀಕ್ ಬತ್ತಾಳೆ ಅಂತ ಕಾದೆ. ಅಂಗೇ ಒಂಟೋದ್ಲು. ಆಮ್ಯಾಕೆ ಕೂಗ್ದೆ, ಯಾರ್ಗೂ ಕೇಳಿಲ್ಲ. ತಡ್ಕಂಡೆ, ತಡ್ಕಂಡೆ... ಇಳ್ಯಮಾ ಅಂತ ಬಂದೆ. ನೀವು ಡಾಕ್ಟ್ರು ಏಳಿದ್ದ ಮಾತು ಏಳ್ತಿದ್ರಲ್ಲ, ಅದು ಜ್ಞಾಪ್ಕ ಬಂತು. ಅದ್ಕೇ ಇಲ್ಲೇ..."

ಬೆಲ್ಲನ್ನು ನಾನೇ ಒತ್ತಿ ಹಿಡಿದೆ, ಬಿಡಲಿಲ್ಲ. ಸಿಸ್ಟರು ಓಡಿ ಬಂದಳು. ಪಾಪ, ಅವಳು ನನ್ನ ಹೆಂಡತಿಯನ್ನು ಹಿಡಿದು ಮಲಗಿಸಿ, ನನ್ನನ್ನು ಹೊರಗೆ ಕಳಿಸಿ, ಒರೆಸಿ, ಸೀರೆ ಬಿಚ್ಚಿ ಆಸ್ಪತ್ರೆಯ ಗೌನು ಹಾಕಿದಳು. ಆಚೆ ಬಂದ ಮೇಲೆ ನಾನು ತಡೆದುಕೊಳ್ಳಲಿಲ್ಲ.

"ಬಾಗಿಲ ತನಕ ಬಂದೋಳು ಒಳಗ್ಯಾಕಮ್ಮ ಬರಲಿಲ್ಲ? ಒಂದು ಹೆಜ್ಜೆ ಒಳಗಿಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಅವಳು ಕೆಳಗೆ ಕೈ ತೋರಿಸಿದಳು. "ಚಪ್ಪಲಿ ಇತ್ತಲ್ಲ ಸಾ, ಎರಡು ಜೊತೆ. ಇಬ್ಬರು ಇದ್ದಾರೆ, ನೋಡ್ಕೋತಾರೆ ಅಂದ್ಕೊಂಡೆ. ನಾನು ಒಬ್ಳೇ ಸಾ ಇಷ್ಟು ಬಾಗ್ಲಿಗೂ. ಎಲ್ಲಾದ್ನೂ ತೆಗೆದು ನೋಡ್ತಾ ಕೂತ್ರೆ ಇಂಜೆಕ್ಷನ್ ಯಾವಾಗ ಕೊಡ್ಲಿ? ಯಾವ ಬಾಗ್ಲಲ್ಲಿ ಚಪ್ಪಲಿ ಇರಲ್ವೋ ಅಲ್ಲಿ ಫಸ್ಟ್ ಹೋಗ್ತೀನಿ."

ಬಗ್ಗಿ ನೋಡಿದೆ. ಈಗ ಮೂರು ಜೊತೆ. ಒಂದು ನನ್ನದು. ಒಂದು ನಾದಿನಿಯದು. ಇನ್ನೊಂದು ನಾನೇ ಊರಿಂದ ತಂದಿಟ್ಟದ್ದು, ಒಳಗೆ ಮಲಗಿರುವವಳದೇ. ಆ ಹುಡುಗಿಯ ಲೆಕ್ಕದಲ್ಲಿ ನನ್ನ ಹೆಂಡತಿಯೇ ಬಂದು ನನ್ನ ಹೆಂಡತಿಯನ್ನು ನೋಡಿಕೊಳ್ಳುತ್ತಿದ್ದಳು. ಸ್ವಲ್ಪ ಹೊತ್ತಿನ ಮುಂಚೆ ನಾನೂ ಅದೇ ಚಪ್ಪಲಿ ನೋಡಿ ನೆಮ್ಮದಿಯಾಗಿದ್ದೆನಲ್ಲ.

ಅಷ್ಟರಲ್ಲಿ ನಾದಿನಿ ತಿರುವಿನಲ್ಲಿ ಬಂದಳು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಹೂವು, ಬರಿಗಾಲು.

"ಎಲ್ಲೋಗಿದ್ದೆ?"

"ದೇವಸ್ಥಾನುಕ್ಕೆ ಬಾವ. ಅಕ್ಕ ನಡ್ದಾಡಂಗಾಗ್ಲಿ ಅಂತ ಹರ್ಕೆ ಮಾಡ್ಕಂಡಿದ್ದೆ. ಈಗ್ ಬಂದ್ಬುಡ್ತೀನಿ ಅಂತ ಅಕ್ಕುಂಗೆ ಏಳೇ ಓಗಿದ್ದು. ಸೋಮ್ವಾರ ಅಲ್ವಾ, ಕ್ಯೂ ಕರಗ್ನೇ ಇಲ್ಲ."

"ಚಪ್ಪಲಿ ಯಾಕೆ ಇಲ್ಲಿ ಬಿಟ್ಟೋದೆ?"

ನಾನು ಏನೋ ಹುಚ್ಚುಚ್ಚಾಗಿ ಕೇಳುತ್ತಿದ್ದೇನೆ ಎನ್ನುವ ಹಾಗೆ ನೋಡಿದಳು. "ಸೋಮ್ವಾರ ಗುಡಿ ಮುಂದೆ ಬುಟ್ರೆ ಉಳೀತದಾ ಬಾವ? ಒಸ ಚಪ್ಲಿ. ಇಲ್ಲಾದ್ರೆ ಸಿಸ್ಟ್ರು ಓಡಾಡ್ತಿರ್ತಾರೆ, ಯಾರೂ ಮುಟ್ಟಕ್ಕಿಲ್ಲ ಅಂತ."

ನಾನು ಕೋಪ ಮಾಡಿಕೊಳ್ಳುವುದಕ್ಕೆ ಯಾರೂ ಉಳಿಯಲಿಲ್ಲ. ಅಕ್ಕ ನಡೆಯಲಿ ಎಂದು ಬರಿಗಾಲಲ್ಲಿ ಬಿಸಿಲಿನಲ್ಲಿ ನಿಂತು ಬಂದವಳನ್ನು ಏನೆನ್ನಲಿ? ಚಪ್ಪಲಿ ನೋಡಿ ಮುಂದೆ ಹೋದ ಹುಡುಗಿಯನ್ನು ಏನೆನ್ನಲಿ? ಉಳಿದದ್ದು ಆ ಗೋಡೆಗಳು, ಆ ಬಾಗಿಲು, ಆ ಗಾಜಿನ ಮೇಲೆ ನಗುವ ಫೋಟೋ. ಸೀದಾ ಕೆಳಗಿಳಿದು ಮ್ಯಾನೇಜರ ಹತ್ತಿರ ಹೋದೆ. ನನ್ನ ಮಗಳ ವಯಸ್ಸಿನವನು. ಕೂರಿಸಿ ನೀರು ಕೊಟ್ಟ. ನಾನು ಬಸ್ಸಿನ ಕನ್ನಡಿಯಿಂದ ಶುರು ಮಾಡಿದೆ. ಅವನು ಎಲ್ಲಕ್ಕೂ ತಲೆಯಾಡಿಸಿ, "ಪ್ರೈವಸಿ ಸಾರ್. ಈಗ ಎಲ್ಲರೂ ಅದನ್ನೇ ಕೇಳ್ತಾರೆ. ಜನರಲ್ ವಾರ್ಡ್ ಕೊಡ್ತೀವಿ ಅಂದ್ರೆ ಬೇರೆ ಆಸ್ಪತ್ರೆಗೆ ಹೋಗ್ತಾರೆ" ಎಂದ.

"ಹಂಗಾದ್ರೆ ಜನರಲ್ ವಾರ್ಡು ಖಾಲಿ ಇದೆಯಾ?"

"ಇದೆ ಸಾರ್."

"ಅಲ್ಲಿಗೆ ಹಾಕಿ."

ಸ್ಪೆಷಲ್ ರೂಮು ಬಿಟ್ಟು ಜನರಲ್ ವಾರ್ಡು ಕೇಳಿದವರನ್ನು ಅವನು ನೋಡಿರಲಿಲ್ಲವೋ ಏನೋ, ಏನು ಕೊರತೆಯಾಯಿತು ಎಂದು ಮತ್ತೆ ಮತ್ತೆ ಕೇಳಿದ. ಟೀವಿ ಸರಿಯಿಲ್ಲವೇ ಎಂದೂ ಕೇಳಿದ. ಫೋನಿನಲ್ಲಿ ಮಗಳು ಇನ್ನೊಂದು ಕಡೆಯಿಂದ ಹಿಡಿದುಕೊಂಡಳು. "ಎಲ್ಲರ ಮುಂದೆ ಅಮ್ಮನಿಗೆ ಬೆಡ್‌ಪ್ಯಾನು ಕೊಡ್ತಾರಾ ಅಪ್ಪ? ಅದು ಚೆನ್ನಾಗಿರುತ್ತಾ?" ಅವಳ ಮಾತಿನಲ್ಲೂ ನ್ಯಾಯವಿತ್ತು. ಹೆಂಡತಿಯ ಕಿವಿಗೆ ಫೋನು ಕೊಟ್ಟೆ. ಅವಳು ಕೇಳಿಸಿಕೊಂಡು, "ಅಲ್ಲಿ ಪರದೆ ಎಳೀತಾರಂತೆ ಮಗ. ಇಲ್ಲಿ ಬಾಗ್ಲಾಕಿದ್ರಲ್ಲ, ಏನ್ ಮಾನ ಉಳೀತು?" ಎಂದಳು.

ಜನರಲ್ ವಾರ್ಡು ಕೆಳಗಿನ ಮಹಡಿಯಲ್ಲಿ, ಕಟ್ಟಡದ ಹಳೆಯ ಭಾಗದಲ್ಲಿತ್ತು. ಗ್ರಾನೈಟಿಲ್ಲ, ಜಲಪಾತವಿಲ್ಲ. ಹಾಲಿನ ಒಂದು ಕಡೆ ಸಿಸ್ಟರ ಟೇಬಲ್ಲು, ಎದುರಿಗೆ ಸಾಲು ಮಂಚ, ನಡುವೆ ಹಸಿರು ಪರದೆಗಳು. ನಮ್ಮ ಪಕ್ಕದಲ್ಲಿ ಸೋಮನಾಥಪುರದ ಕಡೆಯ ಅಜ್ಜಿಯೊಬ್ಬರು ಕೈ ಮುರಿದುಕೊಂಡು ಮಲಗಿದ್ದರು. ಬಂದ ಅರ್ಧ ಗಂಟೆಯಲ್ಲಿ ನಮ್ಮ ಹಸುಗಳ ಸಂಖ್ಯೆ, ಮಗಳ ಗಂಡನ ಕೆಲಸ ಎಲ್ಲ ಕೇಳಿ ತಿಳಿದುಕೊಂಡರು. ನನಗೆ ಕಿರಿಕಿರಿ. ಆದರೆ ನನ್ನ ಹೆಂಡತಿ ಬೆಳಗಿನಿಂದ ಮೊದಲ ಸಲ ಬಾಯ್ತುಂಬ ಮಾತಾಡಿದಳು.

ನಾನು ಸ್ಟೂಲು ಎಳೆದುಕೊಂಡು ಮಂಚದ ಕಾಲ ಕಡೆ ಕೂತೆ. ಇನ್ನು ಅವಳನ್ನು ಬಿಟ್ಟು ಅತ್ತಿತ್ತ ಹೋಗಬಾರದು ಎಂದು ಗಟ್ಟಿ ಮಾಡಿಕೊಂಡಿದ್ದೆ. ಹಸುಗಳನ್ನು ಪಕ್ಕದ ಮನೆಯವರು ನೋಡಿಕೊಳ್ಳಲಿ. ಕೂತುಕೊಂಡು ನಾದಿನಿಗೆ ಎಲ್ಲ ವಿವರಿಸುತ್ತಿದ್ದೆ. ನೋಡು, ವಾರ್ಡು ಅಂದರೆ ಹೀಗಿರಬೇಕು, ಕೂತವರಿಗೆ ಮಲಗಿದವರು ಕಾಣಬೇಕು, ಮಲಗಿದವರಿಗೆ ಕೂತವರು ಕಾಣಬೇಕು, ನಡುವೆ ಒಂದು ಅಡ್ಡಿ ಇರಬಾರದು, ಬಸ್ಸಲ್ಲೂ ಅಷ್ಟೆ, ಎಂಜಿನ್ ಪಕ್ಕ ಮೂಟೆ ಪೇರಿಸಿದರೆ ನಾನು ಬಸ್ಸು ಎತ್ತುತ್ತಿರಲಿಲ್ಲ. ನಾದಿನಿ ಹೂಂ ಹೂಂ ಎನ್ನುತ್ತಿದ್ದಳು. ನನ್ನ ಹೆಂಡತಿ ದಿಂಬಿನಿಂದ ತಲೆ ಎತ್ತುತ್ತಿದ್ದಳು, ಆ ಪಕ್ಕಕ್ಕೆ ವಾಲುತ್ತಿದ್ದಳು, ಮತ್ತೆ ಮಲಗುತ್ತಿದ್ದಳು. ನೋವಿರಬೇಕು ಎಂದುಕೊಂಡು ನಾನು ಇನ್ನೂ ಹತ್ತಿರಕ್ಕೆ ಸ್ಟೂಲು ಎಳೆದೆ.

"ಏನು, ನೋಯ್ತಾ ಇದೆಯಾ?"

"ಇಲ್ಲ," ಎಂದಳು. "ಒಸಿ ಅತ್ತಗ್ ಸರ್ಕಳಿ. ಸಿಸ್ಟರಮ್ಮುಂಗೆ ಅಡ್ಡ ಕುಂತಿದ್ದೀರಿ."

ನಾನು ಸ್ಟೂಲು ಎತ್ತಿಕೊಂಡು ಗೋಡೆಯ ಪಕ್ಕಕ್ಕೆ ಹೋದೆ. ಅವಳು ಟೇಬಲ್ಲಿನ ಕಡೆ ನೋಡಿದಳು, ಸುಮ್ಮನೆ. ಸಿಸ್ಟರು ತಲೆ ಎತ್ತಿ, "ಬಂದೆ ಇರೀಮ್ಮ" ಎಂದು ಎದ್ದು ಬಂದು ಪರದೆ ಎಳೆದಳು.